ಹೊಟ್ಟೆ ತುಂಬಿದವರ ಪ್ರೇಮಪುರಾಣ: ನೋಡುವ ಬಗೆ

ರಾಮನಗರದವರಿಗೆ ‘ಶೋಲೆ’ ಎಂದರೆ ಕುದುರೆ, ಗುಂಡು, ಗಬ್ಬರ್. 1975ರಲ್ಲಿ ತೆರೆಕಂಡ ಆ ಚಿತ್ರದ ರಾಮಗಢ ಎದ್ದು ನಿಂತದ್ದೇ ನಮ್ಮ ಬಂಡೆಗಳ ನಡುವೆ. ಮಾತಿನ ಪ್ರೇಮಹಾಸ್ಯದ ರುಚಿ ಹತ್ತಿಸಿಕೊಳ್ಳಬೇಕೆಂದವರು ಮಾತ್ರ ಅದರ ಇನ್ನೊಂದು ದೃಶ್ಯದಿಂದ ಶುರು ಮಾಡಬೇಕು. ವೀರುಗೆ ಬಸಂತಿಯನ್ನು ಕೇಳಲು ಜೈ ಅವಳ ಮೌಸಿಯ ಹತ್ತಿರ ಹೋಗುತ್ತಾನಲ್ಲ, ಅದು. ಗೆಳೆಯನನ್ನು ಹೊಗಳುವ ದನಿಯಲ್ಲೇ ಅವನ ಜೂಜು, ಕುಡಿತ ಎಲ್ಲವನ್ನೂ ಒಂದೊಂದಾಗಿ ಬಿಚ್ಚಿಡುತ್ತಾನೆ. ಮುಖ ಮಾತ್ರ ಪರಮ ಸಾಧು. ಆಡಿದ ಮಾತಿಗೂ ಒಳಗಿನ ಉದ್ದೇಶಕ್ಕೂ ನಡುವೆ ಇರುವ ಸಂದಿಯಲ್ಲಿ ನಗು ಹುಟ್ಟುತ್ತದೆ.

ಆ ಸಂದಿಯನ್ನೇ ಇಡೀ ಸಿನಿಮಾಕ್ಕೆ ಹಿಗ್ಗಿಸಿದವರಿದ್ದಾರೆ. ಅಮೆರಿಕದ ವಿಟ್ ಸ್ಟಿಲ್‌ಮನ್ ಅವರ ‘ಮೆಟ್ರೊಪಾಲಿಟನ್’ (1990) ಕಡಿಮೆ ದುಡ್ಡಿನಲ್ಲಿ ತೆಗೆದ ಚಿತ್ರ. ನ್ಯೂಯಾರ್ಕಿನ ಸಿರಿವಂತರ ಮನೆಯ ಹುಡುಗ ಹುಡುಗಿಯರು ಪಾರ್ಟಿ ಮುಗಿಸಿ, ಸೋಫಾದಲ್ಲಿ ಕೂತು, ಸರಿರಾತ್ರಿ ದಾಟಿದರೂ ಹರಟುತ್ತಾರೆ. ಟಾಮ್ ಎಂಬವನು ಜೇನ್ ಆಸ್ಟಿನ್ ಕಾದಂಬರಿಯನ್ನು ಹಿಗ್ಗಾಮುಗ್ಗಾ ಜಾಡಿಸುತ್ತಾನೆ. ಆಮೇಲೆ ನೋಡಿದರೆ ಮಹಾಶಯ ಅದನ್ನು ಓದಿಯೇ ಇಲ್ಲ, ಬರೀ ವಿಮರ್ಶೆ ಓದಿದ್ದಾನೆ! ಆಸ್ಟಿನ್ ಎಂದರೆ ಪ್ರಾಣ ಬಿಡುವ ಆಡ್ರಿಗೆ ಇವನ ಮೇಲೂ ಮನಸ್ಸಿದೆ. ಅದು ನಮಗೆಲ್ಲ ಕಾಣುತ್ತದೆ, ಪಂಡಿತನೊಬ್ಬನಿಗೆ ಬಿಟ್ಟು.

ಕನ್ನಡದಲ್ಲಿ ಈ ಜಾಡಿಗೆ ಹತ್ತಿರ ಬರುವುದು ಸುನಿ ಅವರ ‘ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ’ (2013). ರಕ್ಷಿತ್ ಶೆಟ್ಟಿ, ಶ್ವೇತಾ ಶ್ರೀವಾತ್ಸವ್, ಜೊತೆಗೆ ಕೊಡಗಿನ ಮಳೆ. ಚಿಕ್ಕ ಬಂಡವಾಳದ ಚಿತ್ರದಲ್ಲಿ ಮಾತೇ ಖರ್ಚಿಲ್ಲದ ಫೈಟು. ಇಬ್ಬರೂ ಒಬ್ಬರಿಗೊಬ್ಬರು ತಮ್ಮ ಹಳೆಯ ಪ್ರೇಮದ ಕಥೆ ಹೇಳಿಕೊಳ್ಳುತ್ತಾರೆ. ಹೇಳುತ್ತಿರುವುದು ಹಳೆಯದು, ಮೊಳೆಯುತ್ತಿರುವುದು ಹೊಸದು. ಹೊಸ ಪ್ರೇಕ್ಷಕರು ಪಂಚ್ ಡೈಲಾಗುಗಳನ್ನು ಹೆಕ್ಕಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಮುಗಿಸಿಬಿಡುತ್ತಾರೆ. ನಿಜ ಹೇಳಬೇಕೆಂದರೆ ಸುನಿ ಪಂಚ್‌ಗಳು ಒಮ್ಮೊಮ್ಮೆ ಅತಿಯಾಗುತ್ತವೆ, ಉಸಿರಾಡಲು ಬಿಡುವುದಿಲ್ಲ. ಅದಕ್ಕೇ ಎರಡನೇ ಸಲ ನೋಡುವಾಗ ಮಾತಾಡುವವರನ್ನು ಬಿಟ್ಟು ಕೇಳುವವರ ಮುಖ ನೋಡಿ. ಕೊನೆಯ ತಿರುವು ಗೊತ್ತಾದ ಮೇಲೆ ನಾಯಕಿ ಖುಷಿಯ ಚೇಷ್ಟೆಯ ಮಾತುಗಳೇ ಬೇರೆಯಾಗಿ ಕೇಳಿಸುತ್ತವೆ. ಇಂಥ ಚಿತ್ರಕ್ಕೆ ತುಂಬಿದ ಟಾಕೀಸಿಗಿಂತ ಮನೆಯೇ ವಾಸಿ ಎಂದು ನನ್ನ ಅನಿಸಿಕೆ. ಒಂದು ಮಾತಿಗೆ ಎದ್ದ ಶಿಳ್ಳೆ ಮುಂದಿನ ಎರಡು ಮಾತನ್ನು ನುಂಗಿಬಿಡುತ್ತದೆ.

ಇದಕ್ಕೂ ಮೊದಲು ಯೋಗರಾಜ್ ಭಟ್ಟರ ‘ಪಂಚರಂಗಿ’ (2010) ಬಂದಿತ್ತು. ಸ್ಟಾರ್ ನಿರ್ದೇಶಕರದ್ದಾದ್ದರಿಂದ ಮೇಲಿನ ಎರಡರಂತೆ ಚಿಕ್ಕ ಬಂಡವಾಳದ ಸ್ವತಂತ್ರ ಚಿತ್ರವೆನ್ನಲಾಗದು, ಆದರೆ ಅಣ್ಣನಿಗೆ ಹೆಣ್ಣು ನೋಡಲು ಕರಾವಳಿಗೆ ಹೋದ ಮನೆಮಂದಿಯ ನಡುವೆ ದಿಗಂತ್ ಆಡುವ ಉಡಾಫೆಯಲ್ಲಿ ಇದೇ ಧಾಟಿ ಇದೆ. ‘ಕಥೆಯೊಂದು ಶುರುವಾಗಿದೆ’ (2018) ಪೂರ್ತಿ ತದ್ವಿರುದ್ಧ. ಕಾಸರಗೋಡು ಜಿಲ್ಲೆಯ ಕಾಞಂಗಾಡಿನವರಾದ ಸೆನ್ನಾ ಹೆಗ್ಡೆ ರೆಸಾರ್ಟ್ ಮಾಲೀಕನನ್ನೂ ಅಲ್ಲಿಗೆ ಬಂದ ಅತಿಥಿಯನ್ನೂ ಎದುರುಬದುರು ಕೂರಿಸಿ, ಮಾತಿನಷ್ಟೇ ಜಾಗವನ್ನು ಮೌನಕ್ಕೂ ಬಿಡುತ್ತಾರೆ. ಇಲ್ಲಿ ನಗು ನಿಧಾನ. ಫೋನ್ ಒತ್ತುತ್ತಾ ನೋಡಿದರೆ ಏನೂ ದಕ್ಕದು.

“ಹೊಟ್ಟೆ ತುಂಬಿದವರ ಗೋಳು ಯಾರಿಗೆ ಬೇಕು?” ಎಂದು ಮಾಗಡಿಯಲ್ಲೋ ಚನ್ನಪಟ್ಟಣದಲ್ಲೋ ಯಾರಾದರೂ ಕೇಳಿದರೆ ತಪ್ಪಿಲ್ಲ. ಈ ಬಗೆಯ ಒಳ್ಳೆಯ ಚಿತ್ರಗಳಿಗೂ ಆ ಪ್ರಶ್ನೆ ಗೊತ್ತಿರುತ್ತದೆ. ಬಾಡಿಗೆ, ಸಾಲ, ಬೆಳೆ ಯಾವ ಚಿಂತೆಯೂ ಇಲ್ಲದವರು ಒಂದು ಸಣ್ಣ “ಇಷ್ಟ” ಹೇಳಲಾಗದೆ ಒದ್ದಾಡುವುದೇ ಅವುಗಳ ತಮಾಷೆ. ಕನಕಪುರ ರಸ್ತೆಯ ರೆಸಾರ್ಟುಗಳಲ್ಲಿ ಟ್ರೇ ಹಿಡಿದು ಓಡಾಡುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆರೆಯ ಮೇಲೂ ಅಂಥವನೊಬ್ಬ ಕಾಫಿ ಇಟ್ಟು ಹೋಗುತ್ತಾನೆ. ಅವನಿಗೆ ಒಂದು ಮಾತಾದರೂ ಬರೆದಿದ್ದಾರೆಯೇ ನೋಡಿ. ನಿರ್ದೇಶಕರು ತಮ್ಮ ಪ್ರೇಮಿಗಳನ್ನು ಕಂಡು ನಗುತ್ತಿದ್ದಾರೋ, ಅವರ ಜೊತೆ ತಾವೂ ಮೈಮರೆತಿದ್ದಾರೋ ಎಂಬುದು ಅಲ್ಲೇ ಗೊತ್ತಾಗುತ್ತದೆ.