ಎಂಟು ವರ್ಷಗಳ ನಂತರ

2017ರಲ್ಲಿ ಬಂದ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ ಚಿತ್ರ ಶುರುವಾಗುವುದು ನ್ಯೂಯಾರ್ಕಿನ ಮೇಲೆ ಅನ್ಯಲೋಕದವರ ದಾಳಿ ಮುಗಿದ ಹೊಸತರಲ್ಲಿ. ಟೂಮ್ಸ್ ಎಂಬ ಗುತ್ತಿಗೆದಾರ ಮುರಿದುಬಿದ್ದುದನ್ನೆಲ್ಲ ತೆರವು ಮಾಡಿಸುತ್ತಿರುತ್ತಾನೆ. ಸರ್ಕಾರದವರು ಬಂದು ಅವನ ಕೆಲಸ ಕಿತ್ತುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ‘ಎಂಟು ವರ್ಷಗಳ ನಂತರ’ ಎಂದು ಬರುತ್ತದೆ.

ನಮ್ಮಂಥವರು ಅದನ್ನು ಓದಿ ಮುಂದೆ ಹೋದೆವು. ಲೆಕ್ಕ ಇಟ್ಟುಕೊಂಡಿದ್ದವರು ಅಲ್ಲೇ ನಿಂತರು. ಆ ದಾಳಿ ನಡೆದದ್ದು 2012ರಲ್ಲಿ, ಅದಕ್ಕೆ ಎಂಟು ಕೂಡಿಸಿದರೆ 2020. ಆದರೆ ಹೋಮ್‌ಕಮಿಂಗ್ ಕಥೆ ನಡೆಯುವುದು ‘ಸಿವಿಲ್ ವಾರ್’ ಆದ ಕೆಲವೇ ತಿಂಗಳಿಗೆ. ಆ ಚಿತ್ರದಲ್ಲಿ ವಿಷನ್ ಎಂಬ ಪಾತ್ರ, ಟೋನಿ ಸ್ಟಾರ್ಕ್ ತಾನೇ ಐರನ್ ಮ್ಯಾನ್ ಎಂದು ಜಗತ್ತಿಗೆ ಸಾರಿ ಎಂಟು ವರ್ಷವಾಯಿತು ಎನ್ನುತ್ತದೆ. ಟೋನಿ ಹಾಗೆ ಸಾರಿದ್ದು 2008ರ ಚಿತ್ರದಲ್ಲಿ, ಅಂದರೆ ಈಗ 2016 ಆಗಬೇಕು. ಎರಡು ಚಿತ್ರ, ಎರಡು ‘ಎಂಟು ವರ್ಷ’, ನಡುವೆ ನಾಲ್ಕು ವರ್ಷದ ಕಂದಕ. ಮಾರ್ವೆಲ್ ಸ್ಟುಡಿಯೋಸ್‌ಗೆ ಹತ್ತು ತುಂಬಿದ ಸಂದರ್ಭದಲ್ಲಿ, 2018ರಲ್ಲಿ ಬಂದ ಪುಸ್ತಕವೊಂದರ ಕಾಲಪಟ್ಟಿ ಹೋಮ್‌ಕಮಿಂಗನ್ನು 2016ಕ್ಕೇ ಎಳೆದು ಕೂರಿಸಿತು. ಆದರೆ ಅದೇ ಪಟ್ಟಿ ‘ಐರನ್ ಮ್ಯಾನ್’ ಕಥೆಯನ್ನು 2010ಕ್ಕೆ ತಳ್ಳಿ, ಈ ಸಲ ವಿಷನ್‌ನ ಮಾತನ್ನು ಸುಳ್ಳಾಗಿಸಿತು. ಕೊನೆಗೆ 2023ರಲ್ಲಿ ‘ಅಧಿಕೃತ ಕಾಲಾನುಕ್ರಮ’ ಎಂಬ ಹೆಸರಿನ ದಪ್ಪ ಪುಸ್ತಕವನ್ನೇ ತಂದರು.

ಇದನ್ನೆಲ್ಲ ಹುಡುಗಾಟ ಎಂದು ತಳ್ಳಿಹಾಕುವುದು ಸುಲಭ. ಕುರುಕ್ಷೇತ್ರದ ಹೊತ್ತಿಗೆ ಭೀಷ್ಮರಿಗೆ ಎಷ್ಟು ವಯಸ್ಸಾಗಿತ್ತು ಎಂದು ಲೆಕ್ಕ ಹಾಕುವವರು ನಮ್ಮಲ್ಲೂ ಇದ್ದಾರೆ. ವ್ಯಾಸರು ಇಸವಿ ಹಾಕಲಿಲ್ಲ, ಬಚಾವಾದರು. ಮಾರ್ವೆಲ್‌ನವರು ಹಾಕಿದರು. ಹಾಕಿದ ಮೇಲೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ನನ್ನ ಆಸಕ್ತಿ ತಪ್ಪು ಹುಡುಕುವುದರಲ್ಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ ಈ ಚಿತ್ರಗಳಲ್ಲಿ ಒಮ್ಮೊಮ್ಮೆ ಲೆಕ್ಕದ ಪುಸ್ತಕದಿಂದ ಎದ್ದು ಬಂದು, ಯಾರು ಯಾರಿಗೆ ದ್ರೋಹ ಮಾಡಿದರು ಎಂಬ ಪ್ರಶ್ನೆಯಾಗಿಬಿಡುತ್ತದೆ. ಅದನ್ನು ನೋಡಬೇಕು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ರಷ್ಯಾದ ರೂಪವಾದಿಗಳ ‘ಫಾಬುಲಾ’ ಮತ್ತು ‘ಸ್ಯೂಜೆಟ್’ ಗೊತ್ತಿರುತ್ತವೆ. ಘಟನೆಗಳು ನಡೆದ ಕ್ರಮ ಒಂದು, ಅವನ್ನು ಹೇಳಿದ ಕ್ರಮ ಇನ್ನೊಂದು. ಡಿಸ್ನಿ ಪ್ಲಸ್‌ನಲ್ಲಿ ಮಾರ್ವೆಲ್ ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿಟ್ಟ ಸಾಲೊಂದಿದೆ. ಹೊಸದಾಗಿ ನೋಡುವವರು ಅದನ್ನು ಹಿಡಿದು ಹೊರಟರೆ, 1940ರ ದಶಕದ ‘ಕ್ಯಾಪ್ಟನ್ ಅಮೆರಿಕ: ದ ಫಸ್ಟ್ ಅವೆಂಜರ್’ ಆದ ಮೇಲೆ ನೇರ 1995ರ ‘ಕ್ಯಾಪ್ಟನ್ ಮಾರ್ವೆಲ್’ಗೆ ಬರುತ್ತಾರೆ. ಹೀಗೆ ನೋಡಿದರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ ನಿಕ್ ಫ್ಯೂರಿಯ ಎಡಗಣ್ಣು ಒಳ್ಳೆಯ ಉದಾಹರಣೆ. 2014ರ ‘ವಿಂಟರ್ ಸೋಲ್ಜರ್’ನಲ್ಲಿ ಫ್ಯೂರಿ, ಹಿಂದೆ ಯಾರನ್ನೋ ನಂಬಿ ಒಂದು ಕಣ್ಣು ಕಳೆದುಕೊಂಡೆ ಎನ್ನುತ್ತಾನೆ. ಆ ಮಾತಿನ ಹಿಂದೆ ಯಾವುದೋ ಕರಾಳ ಕಥೆ ಇದೆಯೆಂದು ಐದು ವರ್ಷ ನಂಬಿದ್ದೆವು. 2019ರ ‘ಕ್ಯಾಪ್ಟನ್ ಮಾರ್ವೆಲ್’ನಲ್ಲಿ ನೋಡಿದರೆ ಅದು ಬೆಕ್ಕಿನಂತೆ ಕಾಣುವ ಪ್ರಾಣಿಯೊಂದು ಪರಚಿದ ಗಾಯ! ಬಿಡುಗಡೆಯ ಕ್ರಮದಲ್ಲಿ ನೋಡಿದವರಿಗೆ ಇದು ಗಾಂಭೀರ್ಯದ ಕಾಲಿಗೆ ಹಾಕಿದ ಅಡ್ಡಗಾಲು. ಕಾಲಾನುಕ್ರಮದಲ್ಲಿ ನೋಡಿದವರಿಗೆ ಬೆಕ್ಕು ಮೊದಲು, ಮಾತು ಆಮೇಲೆ. ಫ್ಯೂರಿ ಅವರಿಗೆ ಬಡಾಯಿ ಕೊಚ್ಚುವವನಂತೆ ಕಾಣುತ್ತಾನೆ. ಎರಡೂ ಕಡೆ ಅದೇ ಘಟನೆ, ಅದೇ ಮಾತು, ಆದರೆ ಮನುಷ್ಯ ಬೇರೆ.

‘ಫಸ್ಟ್ ಅವೆಂಜರ್’ ಕೂಡ 1940ರ ದಶಕದಲ್ಲಿ ಶುರುವಾಗುವುದಿಲ್ಲ. ನಮ್ಮ ಕಾಲದಲ್ಲಿ, ಆರ್ಕ್‌ಟಿಕ್ ಹಿಮದೊಳಗೆ ವಿಮಾನವೊಂದು ಸಿಗುವುದರಿಂದ ಶುರುವಾಗುತ್ತದೆ. ಮುಂದಿನದೆಲ್ಲ ಆಗಲೇ ಮುಗಿದುಹೋದ ಕಥೆ ಎಂದು ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಸ್ಟೀವ್ ರಾಜರ್ಸ್ 1945ರಲ್ಲಿ ಹಿಮಕ್ಕೆ ಬಿದ್ದು ಸುಮಾರು ಎಪ್ಪತ್ತು ವರ್ಷದ ಮೇಲೆ ಏಳುತ್ತಾನೆ. ಪೆಗ್ಗಿ ಕಾರ್ಟರ್ ಜೊತೆ ನೃತ್ಯಕ್ಕೆ ಹೋಗುವುದೆಂದು ಮಾತಾಗಿತ್ತು. ‘ವಿಂಟರ್ ಸೋಲ್ಜರ್’ನಲ್ಲಿ ಅವನು ಅವಳನ್ನು ನೋಡಲು ಹೋದಾಗ ಅವಳು ಹಾಸಿಗೆ ಹಿಡಿದ ಮುದುಕಿ. ಮಾತಿನ ನಡುವೆ ಮರೆವು ಕವಿಯುತ್ತದೆ, ಮರುಕ್ಷಣ ಅವನು ಈಗಷ್ಟೇ ಬಂದನೆಂಬಂತೆ ಅಳುತ್ತಾಳೆ. ಇಡೀ ಸರಣಿಯಲ್ಲಿ ಕಾಲದ ಬಗ್ಗೆ ಇಷ್ಟು ಪ್ರಾಮಾಣಿಕವಾದ ದೃಶ್ಯ ಇನ್ನೊಂದಿಲ್ಲ. ಅಲ್ಲಿ ಇಸವಿ ಹಾಕಿಲ್ಲ. ಅವಳ ಮುಖ ಸಾಕು.

2019ರ ‘ಎಂಡ್‌ಗೇಮ್’ ಈ ದೃಶ್ಯದ ಋಣ ತೀರಿಸಲು ಹೋಯಿತು, ಗಂಟು ಬಿದ್ದದ್ದು ಅಲ್ಲಿಯೇ. ಕೊನೆಯಲ್ಲಿ ಸ್ಟೀವ್ ಮಣಿಗಳನ್ನು ಅವುಗಳ ಕಾಲಕ್ಕೆ ಮರಳಿಸಲು ಹಿಂದಕ್ಕೆ ಹೋಗಿ, ಅಲ್ಲೇ ಉಳಿದು, ಪೆಗ್ಗಿಯೊಂದಿಗೆ ಬಾಳಿ, ಮುದುಕನಾಗಿ ಕಾಣಿಸಿಕೊಳ್ಳುತ್ತಾನೆ. ಅವನು ಬಾಳಿದ್ದು ಎಲ್ಲಿ? ಚಿತ್ರಕಥೆ ಬರೆದ ಕ್ರಿಸ್ಟೋಫರ್ ಮಾರ್ಕಸ್ ಮತ್ತು ಸ್ಟೀಫನ್ ಮೆಕ್‌ಫೀಲಿ ಪ್ರಕಾರ ನಾವು ನೋಡಿದ ಇದೇ ಕಾಲಧಾರೆಯಲ್ಲಿ. ಪೆಗ್ಗಿಯ ಹೆಸರಿಲ್ಲದ ಗಂಡ ಮೊದಲಿನಿಂದಲೂ ಅವನೇ. ನಿರ್ದೇಶಿಸಿದ ರೂಸೊ ಸಹೋದರರ ಪ್ರಕಾರ ಅದು ಬೇರೆಯದೇ ಕವಲು. ಒಂದೇ ಚಿತ್ರ ಮಾಡಿದವರು ಅದರ ಕೊನೆಯ ದೃಶ್ಯದ ಬಗ್ಗೆ ಒಮ್ಮತಕ್ಕೆ ಬರಲಿಲ್ಲ.

ಬರಹಗಾರರ ಮಾತು ಒಪ್ಪಿದರೆ ಏನಾಗುತ್ತದೆ ನೋಡಿ. ಪೆಗ್ಗಿ ಕಟ್ಟಿದ ಶೀಲ್ಡ್ ಸಂಸ್ಥೆಯೊಳಗೆ ಹೈಡ್ರಾ ದಶಕಗಳ ಕಾಲ ಬೆಳೆಯುತ್ತಿದೆ ಎಂದು ಸ್ಟೀವ್‌ಗೆ ಗೊತ್ತು. ತನ್ನ ಗೆಳೆಯ ಬಕಿಯ ನೆನಪು ಅಳಿಸಿ ಅವನನ್ನು ಕೊಲೆಗಾರನನ್ನಾಗಿ ಮಾಡುತ್ತಿದ್ದಾರೆಂದು ಗೊತ್ತು. 1991ರ ಡಿಸೆಂಬರ್ 16ರ ರಾತ್ರಿ ಅದೇ ಬಕಿ, ಟೋನಿಯ ತಂದೆತಾಯಿಯನ್ನು ರಸ್ತೆಯಲ್ಲಿ ಕೊಲ್ಲುತ್ತಾನೆಂದೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದು ಮನೆಯಲ್ಲಿ ಹೆಂಡತಿಯ ಜೊತೆ ಸುಮ್ಮನೆ ಕೂತಿದ್ದ. ‘ಸಿವಿಲ್ ವಾರ್’ನ ಕೊನೆಯಲ್ಲಿ ಟೋನಿ ಅವನನ್ನು ಕೇಳುವುದು ಒಂದೇ ಪ್ರಶ್ನೆ: ನಿನಗೆ ಗೊತ್ತಿತ್ತಾ? ಗೊತ್ತಿತ್ತು ಎಂಬ ಉತ್ತರಕ್ಕೆ ಸ್ನೇಹ ಮುರಿದುಬಿತ್ತು. ಬರಹಗಾರರ ಲೆಕ್ಕದಲ್ಲಿ ಸ್ಟೀವ್ ಅದೇ ಮೌನವನ್ನು ಎರಡನೆಯ ಸಲ ಆರಿಸಿಕೊಳ್ಳುತ್ತಾನೆ, ಈ ಸಲ ಆ ಜೀವಗಳನ್ನು ಉಳಿಸಬಹುದಾಗಿದ್ದ ಕಾಲದಲ್ಲಿ, ಟೋನಿ ಎಲ್ಲರಿಗಾಗಿ ಸತ್ತ ಮೇಲೆ.

ರೂಸೊ ಸಹೋದರರ ಮಾತು ಒಪ್ಪಿದರೆ ಸ್ಟೀವ್ ಉಳಿಯುತ್ತಾನೆ, ಬೇಕಿದ್ದರೆ ಆ ಕವಲಿನಲ್ಲಿ ಎಲ್ಲರನ್ನೂ ಉಳಿಸಿದ ಎಂದುಕೊಳ್ಳಬಹುದು. ಆದರೆ ಅವನಿಗಾಗಿ ಅತ್ತ ಆ ಮುದುಕಿ ಹಾಗೆಯೇ ಉಳಿಯುತ್ತಾಳೆ. ನೃತ್ಯ ಸಿಕ್ಕಿದ್ದು ಇನ್ನೊಬ್ಬ ಪೆಗ್ಗಿಗೆ. ನನ್ನ ಒಲವು ಈ ಕಡೆಗೇ. ಹಿಂದಿನದನ್ನು ಬದಲಿಸಿದರೆ ನಮ್ಮ ಇಂದು ಬದಲಾಗದು ಎಂದು ‘ಎಂಡ್‌ಗೇಮ್’ ತಾನೇ ಹಾಕಿಕೊಂಡ ನಿಯಮಕ್ಕೂ ಇದು ಹೊಂದುತ್ತದೆ. ಆದರೆ ಮುದುಕ ಸ್ಟೀವ್ ಹೋದ ಯಂತ್ರದ ಮೂಲಕ ವಾಪಸು ಬರುವುದಿಲ್ಲ, ಮೊದಲಿಂದ ಅಲ್ಲೇ ಇದ್ದವನಂತೆ ಬೆಂಚಿನ ಮೇಲೆ ಕೂತಿರುತ್ತಾನೆ. ಆ ಒಂದು ಚೌಕಟ್ಟು ಬರಹಗಾರರ ಪರ ಸಾಕ್ಷಿ ಹೇಳುತ್ತದೆ ಎಂದು ಒಪ್ಪಲೇಬೇಕು.

ಮುಂದೆ ಸ್ಟುಡಿಯೊ ಈ ಗೊಂದಲವನ್ನೇ ಸರಕು ಮಾಡಿಕೊಂಡಿತು. 2021ರ ‘ಲೋಕಿ’ ಸರಣಿಯಲ್ಲಿ ಕಾಲವನ್ನು ಕಾಯುವ ಒಂದು ಕಚೇರಿಯೇ ಇದೆ. ಫೈಲು, ಟೋಕನ್ನು, ಗುಮಾಸ್ತರು, ಅಡ್ಡ ಬೆಳೆದ ಕವಲನ್ನು ಕತ್ತರಿಸುವ ಸಿಬ್ಬಂದಿ. ತಮಾಷೆಯಾಗಿದೆ, ಮೊದಲ ಕಂತುಗಳು ನನಗೆ ಇಷ್ಟವೂ ಹೌದು. ಆದರೆ ಕವಲುಗಳು ಇವೆ ಎಂದು ಒಪ್ಪಿದ ದಿನವೇ ತಪ್ಪಿಗೂ ಸಾವಿಗೂ ಬೆಲೆ ಇಳಿಯಿತು. 2018ರ ‘ಇನ್ಫಿನಿಟಿ ವಾರ್’ನಲ್ಲಿ ಕತ್ತು ಮುರಿಸಿಕೊಂಡು ಸತ್ತ ಲೋಕಿಯ ಬದಲಿಗೆ 2012ರಿಂದ ತಪ್ಪಿಸಿಕೊಂಡ ಲೋಕಿ ಬಂದ. ಹಳೆಯ ಸಾವಿಗೆ ಅತ್ತವರು ಮೋಸಹೋದಂತಾಯಿತು.

ಇದೇ ಉಪಾಯವನ್ನು ಹಾಗೆ ಬಳಸಲು ಒಪ್ಪದ ಚಿತ್ರ ಒಂದಿದೆ, 2023ರ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಮೂರನೆಯ ಭಾಗ. ಪೀಟರ್ ಕ್ವಿಲ್ ಪ್ರೀತಿಸಿದ ಗಮೋರಾ 2018ರಲ್ಲಿ ಸತ್ತಳು. ಈಗಿರುವವಳು 2014ರಿಂದ, ಅವನನ್ನು ಭೇಟಿಯಾಗುವ ಮೊದಲೇ ಎದ್ದು ಬಂದವಳು. ಆ ನಾಲ್ಕು ವರ್ಷ ಅವನಲ್ಲಿವೆ, ಅವಳಲ್ಲಿಲ್ಲ. ಅವನು ಹೇಳಿದ್ದನ್ನೇ ಹೇಳಿ ಅವಳಿಗೆ ನೆನಪಿಸಲು ನೋಡುತ್ತಾನೆ, ನೆನಪಾಗಲು ಅವಳ ಬಳಿ ಏನೂ ಇಲ್ಲ. ಬೇರೆ ಯಾವುದೇ ಚಿತ್ರ ಕೊನೆಯ ಹೊತ್ತಿಗೆ ಅವಳಲ್ಲಿ ಪ್ರೀತಿ ಚಿಗುರಿಸುತ್ತಿತ್ತು. ಇಲ್ಲಿ ಹೊರಡುವ ಮುನ್ನ ಅವಳು, ನಾವಿಬ್ಬರು ಜೊತೆಗಿದ್ದಾಗ ಮಜವಾಗಿದ್ದಿರಬೇಕು ಎನ್ನುತ್ತಾಳೆ, ಯಾರೋ ಇಬ್ಬರ ಬಗ್ಗೆ ಮಾತಾಡಿದ ಹಾಗೆ. ನೀನು ನಂಬಲಾರದಷ್ಟು ಎನ್ನುತ್ತಾನೆ ಅವನು. ಅವಳು ತನ್ನ ಜನರ ಬಳಿಗೆ ಹೊರಟುಹೋಗುತ್ತಾಳೆ.