ಕೊಟ್ಟಿಗೆಯ ವಾಸ್ತು

ದಹಿಸರದಂತಹ ಉಪನಗರಗಳಲ್ಲಿ ತಬೇಲಾಗಳನ್ನು ಕಂಡ ಕನ್ನಡಿಗರಿಗೆ ಊರ ಕೊಟ್ಟಿಗೆ ನೆನಪಾಗುವುದು ಸಹಜ; ಆದರೆ ಎರಡರ ವಾಸ್ತುತತ್ತ್ವ ಬೇರೆ. ತಬೇಲಾ ಹಾಲಿನ ವ್ಯಾಪಾರಕ್ಕೆಂದೇ ಹುಟ್ಟಿದ ಕಟ್ಟಡ. ನಗರದ ಎಮ್ಮೆಗಳಿಗಾಗಿ 1949ರಲ್ಲಿ ಸ್ಥಾಪಿತವಾದ ಆರೇ ಕಾಲನಿಯ ಉದ್ದೇಶವೂ ಅದೇ. ಉತ್ತರ ಕರ್ನಾಟಕದ ಹಳೆಯ ಅಂಕಣದ ಮನೆಯಲ್ಲಾದರೋ ಮನುಷ್ಯರಿಗೂ ದನಗಳಿಗೂ ಒಂದೇ ತಲೆಬಾಗಿಲು. ಒಳಹೊಕ್ಕೊಡನೆ ತಗ್ಗಿನ ಅಂಕಣದಲ್ಲಿ ಗೋದಲಿ, ಅದಕ್ಕೆ ತಾಗಿ ಎತ್ತರದಲ್ಲಿ ಪಡಸಾಲೆ. ನಡುವೆ ಗೋಡೆಯಿಲ್ಲ, ನೆಲದ ಏರಿಳಿತವೇ ಮೇರೆ. ಮಲಗಿದಲ್ಲಿಂದಲೇ ಎತ್ತುಗಳ ಮೇಲೆ ಕಣ್ಣಿಡಬಲ್ಲ ಈ ಏರ್ಪಾಡು ಬೇಸಾಯದ ಬಂಡವಾಳವನ್ನು ಕಾಯುತ್ತಿತ್ತು. ಗಂಜಲದ ವಾಸನೆ, ನೊಣಗಳ ಕಾಟ ಅದರ ದೋಷಗಳೆಂಬುದೂ ನಿಜವೇ. ಆದರೂ ಹಂಪೆಯ 11 ಕೋಣೆಗಳ ಗಜಶಾಲೆಯನ್ನು ಅಳೆದು ವರ್ಣಿಸುವ ವಿಮರ್ಶೆಯು ರೈತನ ಗೋದಲಿಯನ್ನು ಕಡೆಗಣಿಸುವುದು ನ್ಯಾಯವಲ್ಲ. ಟ್ರ್ಯಾಕ್ಟರು ಬಂದು ಎತ್ತುಗಳು ಹೊರಟ ಮನೆಗಳಲ್ಲಿ ಆ ಅಂಕಣ ಮಾಯವಾಗುತ್ತಿದೆ; ಅದರ ನಕ್ಷೆಯಾದರೂ ಉಳಿಯಬೇಕು.