ನಿಂತ ಕಾರಿನ ಬ್ರೇಕು

ಹಳೆಯ ಮೋಟಾರು ಕಾರುಗಳ ಸಂರಕ್ಷಣೆಯಲ್ಲಿ ಆಸಕ್ತರಾದ ನಮ್ಮ ಮಹನೀಯರು ಬಣ್ಣಕ್ಕೂ ತೊಗಲಿನ ಆಸನಕ್ಕೂ ಮೀಸಲಿಡುವ ಶ್ರದ್ಧೆಯ ದಶಾಂಶವನ್ನಾದರೂ ಮಾಸ್ಟರ್ ಸಿಲಿಂಡರಿಗೆ ಸಲ್ಲಿಸಿದ್ದರೆ, ಮಳೆಗಾಲವೆಲ್ಲ ಷೆಡ್ಡಿನಲ್ಲಿ ನಿಂತು ಹೊರಬರುವ ಎಷ್ಟೋ ಗಾಡಿಗಳ ಬ್ರೇಕು ಮೊದಲ ಇಳಿಜಾರಿನಲ್ಲಿಯೇ ಕೈಕೊಡುತ್ತಿರಲಿಲ್ಲ. 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದು, ನಮ್ಮಲ್ಲಿ ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಿಂದ ಓಡಾಡಿದ ಮಾರಿಸ್ ಮೈನರನ್ನೇ ನೋಡಿ: ಪೆಡಲಿನ ತುಳಿತವನ್ನು ಆಯಿಲಿನ ಒತ್ತಡವಾಗಿ ಚಕ್ರಗಳಿಗೆ ಕಳುಹಿಸುವ ಅದರ ಮಾಸ್ಟರ್ ಸಿಲಿಂಡರು ಚಾಲಕನ ಕಾಲಡಿಯಲ್ಲಿ, ಚಾಸಿಯ ತೊಲೆಯೊಳಗೆ ಅಡಗಿದೆ. ಕಣ್ಣಿಗೆ ಬೀಳದ್ದರಿಂದ ಅದು ಉಪೇಕ್ಷಿತವಾಗುತ್ತದೆ. ನಾಲ್ಕು ಚಕ್ರಗಳಿಗೂ ಅದೊಂದೇ ಆಧಾರವಾದ್ದರಿಂದ ಆ ಉಪೇಕ್ಷೆ ಅಕ್ಷಮ್ಯವಾಗುತ್ತದೆ.

ಬ್ರೇಕ್ ಆಯಿಲು ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರುವ ದ್ರವ. ಮುಚ್ಚಳದ ಉಸಿರುರಂಧ್ರದಿಂದಲೂ ರಬ್ಬರ್ ಕೊಳವೆಗಳ ಮೂಲಕವೂ ತೇವ ಒಳಸೇರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲು 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು; ಶೇಕಡಾ 3.7ರಷ್ಟು ನೀರು ಬೆರೆತರೆ ಆ ಮಿತಿ 140ಕ್ಕೆ ಇಳಿಯಬಹುದು. ಘಾಟಿ ಇಳಿಯುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಆದರೆ ತುಕ್ಕಿನ ವ್ಯಾಪಾರ ಇದಕ್ಕಿಂತ ಸೂಕ್ಷ್ಮವಾದುದು. ದಿನನಿತ್ಯದ ಓಡಾಟದಲ್ಲಿ ಪಿಸ್ಟನ್ನಿನ ರಬ್ಬರ್ ಕಪ್ಪು, ಎಂದರೆ ಬಟ್ಟಲಿನಾಕಾರದ ಸೀಲು, ಬೀಡುಕಬ್ಬಿಣದ ಸಿಲಿಂಡರಿನ ಅಲ್ಪಭಾಗದಲ್ಲಿ ಮಾತ್ರ ಸಂಚರಿಸಿ ಅದನ್ನು ನುಣುಪಾಗಿಡುತ್ತದೆ; ಅದರಾಚೆಯ ಗೋಡೆ ನೀರು ಬೆರೆತ ಆಯಿಲಿನಲ್ಲಿ ನೆನೆದು, ವರ್ಷಾಂತರದಲ್ಲಿ ಕುಳಿಬಿದ್ದು ಒರಟಾಗುತ್ತದೆ. ಹೀಗಿರುವಾಗ ಗ್ಯಾರೇಜಿನಲ್ಲಿ ಬ್ಲೀಡಿಂಗ್ ಮಾಡುವಾಗ, ಎಂದರೆ ಕೊಳವೆಗಳೊಳಗಿನ ಗಾಳಿಯನ್ನು ಹೊರಹಾಕುವಾಗ, ಪೆಡಲನ್ನು ನೆಲಮುಟ್ಟ ತುಳಿದರೆ, ಕಪ್ಪಿನ ಅಂಚು ಆ ಕುಳಿಗಳ ಮೇಲೆ ಉಜ್ಜಿ ಹರಿಯುತ್ತದೆ. ಮರುದಿನ ಪೆಡಲು ಮೆಲ್ಲಮೆಲ್ಲನೆ ಕುಸಿಯತೊಡಗಿದಾಗ ನಿರಪರಾಧಿಯಾದ ಹೊಸ ಆಯಿಲನ್ನು ದೂಷಿಸುತ್ತಾರೆ. ಆದಕಾರಣ ಬಹುಕಾಲ ನಿಂತ ಕಾರಿನಲ್ಲಿ ಪೆಡಲನ್ನು ಅರ್ಧಕ್ಕೆ ಮಾತ್ರ ತುಳಿಯಬೇಕು. ಅದಕ್ಕಿಂತಲೂ, ಸಿಲಿಂಡರನ್ನು ಬಿಚ್ಚಿ ನೋಡುವುದೇ ಪ್ರಾಜ್ಞಮಾರ್ಗ. ಮೈನರಿನಲ್ಲಿ ಮುಂಚಕ್ರಗಳ ಸ್ಪ್ರಿಂಗಾಗಿರುವ ಟಾರ್ಷನ್ ಬಾರು ಅಡ್ಡಬರುವುದರಿಂದ ಇದು ಪ್ರಯಾಸದ ಕೆಲಸವೇ ಸರಿ, ಆದರೂ ಮಾಡತಕ್ಕದ್ದು.

ಬಿಚ್ಚಿದಾಗ ಕಂಡದ್ದು ಬರಿಯ ಕಲೆಯಾದರೆ ಹಗುರವಾದ ಹೋನಿಂಗ್, ಎಂದರೆ ಸಾಣೆಕಲ್ಲಿನ ಉಜ್ಜುವಿಕೆ, ಸಾಕು. ಉಗುರಿಗೆ ಸಿಗುವ ಕುಳಿಯಿದ್ದರೆ ಅದು ಮಾಯುವವರೆಗೂ ಉಜ್ಜುವ ನಮ್ಮ ಕೆಲವರ ಪದ್ಧತಿ ಸರ್ವಥಾ ತಪ್ಪು: ರಂಧ್ರ ಹಿಗ್ಗಿ, ಹೊಸ ಕಪ್ಪೂ ಒತ್ತಡವನ್ನು ತಡೆಯಲಾರದು. ಲೇತಿನಲ್ಲಿ ಕೊರೆಯಿಸಿ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಉಕ್ಕಿನ ಸ್ಲೀವು ಹಾಕಿಸುವುದೇ ಶಾಶ್ವತ ಪರಿಹಾರ. ತೊಳೆಯಲು ಪೆಟ್ರೋಲು, ಡೀಸೆಲ್ಲು ಸಲ್ಲವು. ಅವುಗಳ ಲೇಶ ಉಳಿದರೂ ರಬ್ಬರು ಉಬ್ಬುತ್ತದೆ.

ನೀರನ್ನು ಹೀರದ ಸಿಲಿಕೋನ್ ಆಯಿಲನ್ನು ಹೊಗಳುವವರಿದ್ದಾರೆ. ಒಳಹೊಕ್ಕ ನೀರು ಅದರಲ್ಲಿ ಬೆರೆಯದೆ ತಗ್ಗಿನಲ್ಲಿ ಒಂದೆಡೆ ನಿಂತು ಅಲ್ಲಿಯೇ ತುಕ್ಕು ಹಿಡಿಸುವುದರಿಂದ ನನಗೆ ಅದು ಸಮ್ಮತವಲ್ಲ. ಸಾಧಾರಣ ಆಯಿಲನ್ನೇ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಿರಿ; ಬಾಯಿ ತೆರೆದ ಡಬ್ಬಿಯಲ್ಲಿ ಉಳಿದದ್ದನ್ನು ಮುಂದಿನ ಸಲಕ್ಕೆಂದು ಎತ್ತಿಡಬೇಡಿರಿ.